ರೋಮಿನ ಚರ್ಚುಗಳು, ಹೊರಗಿನಿಂದ

ಅಮೆರಿಕದ ಸನ್ನಿವೇಲಿನ ಮಧುಕರನ ಮನೆಗೆ ಊಟಕ್ಕೆ ಹೋಗುವವರು ಹೊಟ್ಟೆಯನ್ನಷ್ಟೇ ಅಲ್ಲ, ಕಿವಿಯನ್ನೂ ಖಾಲಿ ಇಟ್ಟುಕೊಂಡು ಹೋಗಬೇಕಿತ್ತು. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ಮಹರಾಯ ರೋಮ್ ನಗರದ ಯಾವುದಾದರೊಂದು ಚರ್ಚಿನ ಗುಮ್ಮಟ ಹತ್ತಿ ಕೂತಿರುತ್ತಿದ್ದ. ಮಜ್ಜಿಗೆ ಬಡಿಸುವವರೆಗೆ ಇಳಿಯುತ್ತಿರಲಿಲ್ಲ. ಹಳೇ ದೇವಸ್ಥಾನವೇ ಚರ್ಚಾದ ಪ್ಯಾಂಥಿಯನ್ನಿನ ಗುಮ್ಮಟಕ್ಕೆ ಒಂದು ಕಬ್ಬಿಣದ ಕಂಬಿಯೂ ಇಲ್ಲ ಗೊತ್ತಾ, ನೆತ್ತಿಯಲ್ಲಿ ಬಾವಿಯಷ್ಟು ದೊಡ್ಡ ತೂತು ಬೇರೆ, ಮಳೆ ಬಂದರೆ ನೇರ ಒಳಗೇ ಬೀಳುತ್ತೆ ಎನ್ನುತ್ತಿದ್ದ. ಸೇಂಟ್ ಪೀಟರ್ಸ್ ಚರ್ಚಿಗೆ ಒಬ್ಬರಾದ ಮೇಲೆ ಒಬ್ಬರು ಬಂದು ಹಿಂದಿನವರ ನಕ್ಷೆ ಬದಲಿಸಿದ ಕತೆಯನ್ನು, ತನ್ನ ಆಫೀಸಿನ ಮ್ಯಾನೇಜರುಗಳನ್ನು ಬೈಯುವ ಅದೇ ದನಿಯಲ್ಲಿ ಹೇಳುತ್ತಿದ್ದ. ಚಿಪ್ ಡಿಸೈನ್ ಮಾಡಿ ಸಂಬಳ ತರುವ ಈ ಮನುಷ್ಯ ರೋಮಿಗೆ ಒಂದು ಸಲವೂ ಹೋಗಿಲ್ಲ ಎಂಬುದು ಪಾಯಸ ಮುಗಿದ ಮೇಲೆ ಗೊತ್ತಾಗುತ್ತಿತ್ತು.

ಅವನಿಗೆ ಇನ್ನೊಂದು ಖ್ಯಾತಿಯೂ ಇತ್ತು. ಬೇ ಏರಿಯಾದ ಕನ್ನಡಿಗರಲ್ಲಿ ದೇವರು ದಿಂಡರು ಅಂದರೆ ಮೂಗು ಮುರಿಯುವ ಒಬ್ಬನೇ ಒಬ್ಬ ಧೈರ್ಯಸ್ಥ ತಾನು ಎಂದು ಅವನು ನಂಬಿದ್ದ, ಉಳಿದವರನ್ನೂ ನಂಬಿಸಿದ್ದ. ಹೊಸ ಮನೆಗೆ ಹಾಲುಕ್ಕಿಸಲಿಲ್ಲ. ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವವರನ್ನು ಕಂಡರೆ, "ಟೈರ್ ಪ್ರೆಶರ್ ನೋಡ್ಕೊಳ್ಳಿ ಸ್ವಾಮಿ, ನಿಂಬೆಹಣ್ಣು ಚಿತ್ರಾನ್ನಕ್ಕಿರಲಿ" ಅನ್ನುತ್ತಿದ್ದ. ಕನ್ನಡ ಕೂಟದ ಸತ್ಯನಾರಾಯಣ ಪೂಜೆಗೆ ಕತೆ ಮುಗಿದ ಮೇಲೆ ಬಂದು, ಪ್ರಸಾದದ ಸಜ್ಜಿಗೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ಸಜ್ಜಿಗೆಗೆ ಯಾವ ಮತವೂ ಇಲ್ಲ ಅನ್ನುವುದು ಅವನ ವಾದ. ಅವನ ಹೆಂಡತಿಯ ಹೆಸರು ಇಂದು. ಮೈಸೂರಿನವಳು, ಶನಿವಾರ ಒಪ್ಪೊತ್ತು ಮಾಡುವವಳು. "ನಮ್ಮನೇಲಿ ದೇವರ ಡಿಪಾರ್ಟ್‌ಮೆಂಟು ನಂದು, ಮಾತಿನ ಡಿಪಾರ್ಟ್‌ಮೆಂಟು ಅವರದು" ಎಂದು ಹೇಳಿ ಸುಮ್ಮನಾಗುತ್ತಿದ್ದಳು.

ಇಂಥವನು ಈ ವರ್ಷ ಕೊನೆಗೂ ರೋಮಿಗೆ ಹೊರಟ. ಹೊರಡುವ ಮೊದಲೇ ಕೂಟದ ಕಾರ್ಯದರ್ಶಿ ಸುಧನ್ವ ಅವನನ್ನು ಹಿಡಿದು, ಬಂದ ಮೇಲೆ ಒಂದು ಭಾಷಣ ಮಾಡಲೇಬೇಕು ಎಂದು ಒಪ್ಪಿಸಿದ. ಒಪ್ಪಿಸಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ತಲೆಬರಹವನ್ನೂ ಮಧುಕರನೇ ಕೊಟ್ಟ: "ರೋಮಿನ ಚರ್ಚುಗಳು: ಒಳಗಿನ ಬೆಳಕು." ಬಣ್ಣದ ಫ್ಲೈಯರು ವಾಟ್ಸ್ಯಾಪಿನಲ್ಲಿ ಸನ್ನಿವೇಲಿನಿಂದ ಬೆರ್ರಿಯೆಸಾದವರೆಗೆ ಓಡಾಡಿತು. ಹೊರಟವರು ಮೂವರು: ಅವನು, ಇಂದು, ಮತ್ತು ಅವರ ಜೊತೆಗೇ ಇರುವ ಅವನ ತಾಯಿ ಗೌರಮ್ಮ. ಎಂಬತ್ತರ ಹತ್ತಿರದ ಗೌರಮ್ಮನನ್ನು ಮನೆಯಲ್ಲಿ ಒಬ್ಬರೇ ಬಿಡುವಂತಿರಲಿಲ್ಲ. ಕರೆದುಕೊಂಡು ಹೋದರೆ ಅಮ್ಮನಿಗೆ ಯೂರೋಪ್ ತೋರಿಸಿದ ಮಗ ಎಂಬ ಹೆಸರು ಬೇರೆ ಬರುತ್ತಿತ್ತು.

ರೋಮಿನಲ್ಲಿ ಇಳಿದ ದಿನವೇ ಊರಿನಿಂದ ಫೋನು ಬಂತು. ಆಗ ಮಧುಕರ ಹೋಟೆಲಿನ ಕೌಂಟರಿನಲ್ಲಿ ಜಗಳಕ್ಕೆ ನಿಂತಿದ್ದ. ಗುಮ್ಮಟ ಕಾಣುವ ರೂಮು ಎಂದು ಬುಕ್ ಮಾಡಿದರೆ ಅವರು ಪಕ್ಕದ ಕಟ್ಟಡದ ಗೋಡೆ ಕಾಣುವ ರೂಮು ಕೊಟ್ಟಿದ್ದರು. ಹಿಂದೆ ಸೋಫಾದಲ್ಲಿ ಕೂತಿದ್ದ ಗೌರಮ್ಮ ಫೋನಿನಲ್ಲಿ ಬಹಳ ಹೊತ್ತು ಹೂಂಗುಟ್ಟಿ, ಮೆಲ್ಲಗೆ ಎದ್ದು ಬಂದು ಮಗನ ತೋಳು ಮುಟ್ಟಿದರು.

"ನಾಗರಾಜು ಹೋಗ್ಬುಟ್ನಂತೆ ಕಣಪ್ಪ" ಅಂದರು.

ನಾಗರಾಜು ಮಧುಕರನ ದೊಡ್ಡಪ್ಪನ ಮಗ. ಚನ್ನರಾಯಪಟ್ಟಣದ ಹೈಸ್ಕೂಲಿಗೆ ತಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮಳೆಯಲ್ಲೂ ಬಿಸಿಲಲ್ಲೂ ತುಳಿದವನು. ಮಧುಕರ ಅಮೆರಿಕಕ್ಕೆ ಬಂದ ಮೇಲೆ ಗೌರಮ್ಮನ ಗ್ಯಾಸು, ಕರೆಂಟು ಬಿಲ್ಲು, ಕಣ್ಣಿನ ಆಪರೇಷನ್ನು ಎಲ್ಲದಕ್ಕೂ ಓಡಾಡಿದವನು. ಗೌರಮ್ಮ ಸನ್ನಿವೇಲಿಗೆ ಬಂದು ಸೇರಿದ ಮೇಲೆ ಅಣ್ಣ ತಮ್ಮಂದಿರ ನಡುವೆ ಉಳಿದದ್ದು, ನಾಗರಾಜು ದಿನಾ ಬೆಳಿಗ್ಗೆ ಕಳಿಸುತ್ತಿದ್ದ ಗುಲಾಬಿ ಹೂವಿನ ಶುಭೋದಯ ಒಂದೇ. ಅದನ್ನು ಮಧುಕರ ಮ್ಯೂಟ್ ಮಾಡಿ ಬಹಳ ಕಾಲವಾಗಿತ್ತು.

"ಅಯ್ಯೋ ಪಾಪ" ಎಂದ ಮಧುಕರ. ಕೈಯಲ್ಲಿ ಹೋಟೆಲಿನವರ ಪೆನ್ನು ಹಾಗೇ ಇತ್ತು.

"ಸಂಜೀಕೇ ಮಣ್ ಮಾಡ್ತಾರಂತೆ. ಅದಕ್ಕೆ ಆಗಾಕಿಲ್ಲ ಬುಡು. ತಿಥಿಗಾದ್ರೂ ಹೋಗಾನ?"

ಮಧುಕರನಿಗೆ ಕಷ್ಟಕಾಲದಲ್ಲಿ ಒದಗಿ ಬರುವುದು ತರ್ಕ. "ತಿಥಿಗೆ ಹೋದ್ರೆ ಅವನೇನು ಎದ್ದು ಬರ್ತಾನಾ ಅಮ್ಮ? ಎಷ್ಟು ವರ್ಷ ಕಾದು ಇಲ್ಲಿಗೆ ಬಂದಿದೀವಿ ನೋಡು. ಡಿಸೆಂಬರ್‌ನಲ್ಲಿ ಇಂಡಿಯಾಗೆ ಹೋಗೋಣ, ಅತ್ತಿಗೇನ ಮಾತಾಡಿಸಿಕೊಂಡು ಬರೋಣ. ಅದೇ ಹೆಚ್ಚು ಉಪಯೋಗ" ಅಂದ. ಗೌರಮ್ಮ ಮಗನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ "ಸರಿ" ಎಂದು ಹೋಗಿ ಸೋಫಾದಲ್ಲಿ ಕೂತರು. ಇತ್ತ ಹೋಟೆಲಿನವರೂ ಸೋತು ರೂಮು ಬದಲಾಯಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಪ್ಯಾಂಥಿಯನ್ನಿಗೆ ಹೋದರು. ವರ್ಷಗಟ್ಟಲೆ ಊಟದ ಮೇಜಿನಲ್ಲಿ ಕಟ್ಟಿ ಕೆಡವಿದ ಆ ಕಟ್ಟಡ ಎದುರಿಗೇ ನಿಂತಿದ್ದು ನೋಡಿ ಮಧುಕರ ಕ್ಯಾಮೆರಾ ತೆಗೆಯುವುದನ್ನೂ ಮರೆತ. ದೊಡ್ಡ ಕಂಬಗಳ ಸಾಲನ್ನು ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಗೌರಮ್ಮ ನಿಂತುಬಿಟ್ಟರು.

"ನೀವು ಹೋಗ್ಬನ್ನಿ. ನಾನು ಒಳಿಕ್ಕೆ ಬರಾಕಿಲ್ಲ. ಸೂತಕ ಅಲ್ವಾ."

ಮಧುಕರ ನಕ್ಕ. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಇಂದು ಮಾತ್ರ ವಿಷಯವನ್ನು ಗಂಭೀರವಾಗಿಯೇ ತೆಗೆದುಕೊಂಡಳು. ಅವಳ ಡಿಪಾರ್ಟ್‌ಮೆಂಟಿನ ಪ್ರಶ್ನೆ. "ಅತ್ತೆ, ಸೂತಕ ಇರೋದು ನಮ್ಮ ದೇವರಿಗೆ ಅಲ್ವಾ? ಇದು ಬೇರೆಯವರ ದೇವರು. ಇವರಲ್ಲಿ ಸತ್ತವರನ್ನ ಚರ್ಚ್ ಒಳಗೇ ಹೂಳ್ತಾರೆ. ಇವರಿಗೆಂಥ ಮೈಲಿಗೆ?" ಎಂದಳು.

"ಯಾರ ದೇವರಾದ್ರೇನು, ದೇವರು ಅಂದ್ಮೇಲೆ ದೇವರೇಯ. ನಮ್ ಮೈಲಿಗೆ ಹೊತ್ಕಂಡೋಗಿ ಅವರ ಮನೆ ಯಾಕೆ ಕೆಡಿಸ್ಬೇಕು" ಎಂದರು ಗೌರಮ್ಮ. ಎದುರಿನ ಕಾರಂಜಿಯ ಮೆಟ್ಟಿಲಿನ ಮೇಲೆ ಸೆರಗು ಹೊದ್ದು ಕೂತೇಬಿಟ್ಟರು.

ಇಂದು ಟಿಕೆಟ್ ತೋರಿಸಿ ಒಳಗೆ ನಡೆದಳು. ಮಧುಕರನೂ ಅವಳ ಹಿಂದೆ ಎರಡು ಹೆಜ್ಜೆ ಇಟ್ಟ. ಆಮೇಲೆ ತಿರುಗಿ ನೋಡಿದ. ಭಾಷೆ ಬಾರದ ಊರು, ನೂಕುನುಗ್ಗಲು, ಜೇಬುಗಳ್ಳರ ಬಗ್ಗೆ ಅವನೇ ಓದಿ ಹೇಳಿದ್ದ. ಅಮ್ಮ ಅಲ್ಲಿ ಒಬ್ಬಳೇ ಕೂತಿದ್ದಳು. ವಾಪಸು ಬಂದು, "ಏಳಮ್ಮ, ಇದೆಲ್ಲ ಮೂಢನಂಬಿಕೆ" ಎಂದು ದಬಾಯಿಸಿದ.

"ನಿನ್ನನ್ನ ಹಿಡ್ಕಂಡಿಲ್ವಲ್ಲಪ್ಪ ನಾನು. ಹೋಗು. ನನ್ ಪಾಡಿಗೆ ನಾನು ಕೂತಿರ್ತೀನಿ" ಎಂದರು ಗೌರಮ್ಮ. ಸೆರಗು ಸರಿಮಾಡಿಕೊಂಡು, "ನಾಗರಾಜು ಆಗಿದ್ರೆ ಜೊತೇಲಿ ಕೂತ್ಕೊಳ್ಳೋನು" ಎಂದು ಕಾರಂಜಿಗೆ ಹೇಳಿದರು.

ಮಧುಕರ ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆಯನ್ನು ಅವನು ಮೊದಲೂ ಕೇಳಿದ್ದ, ತುತ್ತು ಇಷ್ಟು ದೊಡ್ಡದಿರುತ್ತದೆ ಅಂದುಕೊಂಡಿರಲಿಲ್ಲ. ಬಾಗಿಲಿನ ಒಳಗಿನ ಕತ್ತಲಲ್ಲಿ, ನೆತ್ತಿಯ ತೂತಿನಿಂದ ಇಳಿದ ಬಿಸಿಲಿನ ಒಂದು ಚೂರು ದೂರದಿಂದ ಕಂಡ ಹಾಗಾಯಿತು. ಅಷ್ಟರಲ್ಲಿ ಯಾರೋ ಪ್ರವಾಸಿಗಳ ದಂಡು ಅಡ್ಡ ಬಂತು.

ಅಲ್ಲಿಂದ ಮುಂದೆ ಅದೇ ಪಾಡು. ದಾಯಾದಿ ಸತ್ತರೆ ಸೂತಕ ಎಷ್ಟು ದಿನವೋ ಅವರ ಪ್ರವಾಸವೂ ಅಷ್ಟೇ ದಿನ. ಇಂಥ ಕರಾರುವಾಕ್ಕಾದ ಲೆಕ್ಕವನ್ನು ಯಾವ ಟ್ರಾವೆಲ್ ಏಜೆಂಟನೂ ಹಾಕಲಾರ. ಬೆಳಿಗ್ಗೆ ಎದ್ದು ಚರ್ಚಿಗೆ ಹೋಗುವುದು, ಇಂದು ಒಳಗೆ, ತಾಯಿ ಮಗ ಹೊರಗೆ. ನಾನು ಕೂತಿರ್ತೀನಿ, ನೀವು ಹೋಗ್ಬನ್ನಿ ಎಂದು ಇಂದು ಹೇಳಿದಾಗಲೆಲ್ಲ ಅಮ್ಮ ಕಾರಂಜಿಗೆ ಹೇಳಿದ ಮಾತು ನೆನಪಾಗಿ ಅವನಿಗೆ ಏಳಲಾಗುತ್ತಿರಲಿಲ್ಲ. ಶನಿವಾರ ಒಪ್ಪೊತ್ತು ಮಾಡುವವಳು ಕ್ರಿಸ್ತನ ಗರ್ಭಗುಡಿಯವರೆಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬಂದಳು, ದೇವರಿಲ್ಲ ಎನ್ನುವವನು ಸೂತಕ ಕಾಯುತ್ತ ಮೆಟ್ಟಿಲ ಮೇಲೆ ಕೂತ. ಸಿಟ್ಟು ಬಂದು ಅವನು ಹೊರಗೋಡೆಗಳನ್ನೇ ಅಭ್ಯಾಸ ಮಾಡತೊಡಗಿದ. ಬಾಗಿ ಬಳುಕುವ ಗೋಡೆ, ಬಾಗಿಲ ಮೇಲಿನ ತ್ರಿಕೋನ, ಸೂರಿನ ಅಂಚಿನಲ್ಲಿ ಸಾಲಾಗಿ ನಿಂತ ಸಂತರು, ಎಲ್ಲದರ ಫೋಟೋ ತೆಗೆದ. ಪಕ್ಕದಲ್ಲಿ ಗೌರಮ್ಮ ಆಗಾಗ, "ನಾಗರಾಜು ಚಿಕ್ಕೋನಿದ್ದಾಗ ಒಂದ್ಸಲ..." ಎಂದು ಶುರುಮಾಡುವರು. "ಒಂದ್ನಿಮಿಷ ಅಮ್ಮ, ಬೆಳಕು ಹೋಗ್ತಿದೆ" ಎಂದು ಇವನು ಕ್ಯಾಮೆರಾ ಎತ್ತುವನು. ಸೂತಕ ಕಳೆದ ದಿನ ಮೂವರೂ ವಾಪಸು ಬರುವ ವಿಮಾನದಲ್ಲಿದ್ದರು.

ಸನ್ನಿವೇಲಿಗೆ ಬಂದ ಮೇಲೆ ಮಧುಕರನಿಗೆ ನಿದ್ದೆ ಹತ್ತಲಿಲ್ಲ. ಒಳಗಿನ ಬೆಳಕಿನ ಬಗ್ಗೆ ಭಾಷಣ ಮಾಡಬೇಕಾದವನು ಒಳಗೆ ಕಾಲಿಟ್ಟಿಲ್ಲ. ಅದಾದರೂ ಹೋಗಲಿ, ಯಾಕೆ ಕಾಲಿಡಲಿಲ್ಲ ಎಂಬುದು ಗೊತ್ತಾದರೆ ಮಾನ ಮೂರು ಕಾಸಿಗೆ ಹರಾಜು. ನಿಂಬೆಹಣ್ಣಿನವರು, ಹಾಲುಕ್ಕಿಸಿದವರು, ರಾಹುಕಾಲ ನೋಡಿ ಕಾರು ಸ್ಟಾರ್ಟ್ ಮಾಡುವವರು, ಇಷ್ಟು ವರ್ಷ ಇವನ ಕೈಯಲ್ಲಿ ಅನ್ನಿಸಿಕೊಂಡವರೆಲ್ಲ ಅಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಅವರು ಸಾಯುವವರೆಗೆ ಆಡಿಕೊಳ್ಳಲು ಅಷ್ಟೇ ಸಾಕು.

ಹೆಂಡತಿಯ ಬಾಯಿ ಕಟ್ಟುವುದು ಸುಲಭವಾಯಿತು. "ನಾನ್ಯಾಕೆ ಹೇಳ್ಲಿ? ನನ್ನ ಫೋಟೋಗಳನ್ನ ಬೇಕಾದ್ರೆ ನಿಮ್ಮದು ಅಂತ ಹಾಕ್ಕೊಳ್ಳಿ. ನನ್ನ ಮುಖ ಮಾತ್ರ ಕ್ರಾಪ್ ಮಾಡಿ" ಎಂದಳು ಇಂದು. ಭಾಷಣದ ಹಿಂದಿನ ದಿನ ತಾಯಿಯ ಹತ್ತಿರ ಹೋಗಿ ನಿಂತ.

"ಅಮ್ಮ, ನಾಳೆ ಅಲ್ಲಿ ಸೂತಕ ಗೀತಕ ಅಂತ ಬಾಯಿ ಬಿಡಬೇಡ. ಜನ ಆಡ್ಕೋತಾರೆ."

"ನಾನಾಗೇ ಯಾಕಪ್ಪ ಹೇಳಾನ" ಎಂದರು ಗೌರಮ್ಮ. "ಯಾರಾದ್ರೂ ಕೇಳಿದ್ರೆ ಸುಳ್ ಹೇಳಾಕಿಲ್ಲ, ಅಷ್ಟೇಯ."

ಭಾಷಣ ಇದ್ದದ್ದೂ ಒಂದು ಚರ್ಚಿನಲ್ಲೇ. ಕೂಟಕ್ಕೆ ಬಾಡಿಗೆಗೆ ಸಿಗುತ್ತಿದ್ದ ಆ ಹಾಲಿಗೆ ಗುಮ್ಮಟವೂ ಇರಲಿಲ್ಲ, ಕಂಬವೂ ಇರಲಿಲ್ಲ. ಕಾರ್ಪೆಟ್ಟು, ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿಯ ದೊಡ್ಡ ಫ್ಲಾಸ್ಕು. ಬಾಗಿಲ ಹೊರಗೆ ಚಪ್ಪಲಿಗಳ ಗುಡ್ಡೆ. ಇಲ್ಲಿ ಯುಗಾದಿ ಮಾಡಿದವರು, ಗಣೇಶನನ್ನು ಕೂರಿಸಿದವರು, ಪಕ್ಕದ ಬಾಗಿಲು ತೆಗೆದರೆ ನಿಜವಾದ ಚರ್ಚು ಇದೆಯೆಂದು ಯಾರೂ ಇಣುಕಿಯೂ ನೋಡಿದವರಲ್ಲ. ಮುಂದಿನ ಸಾಲಿನಲ್ಲಿ ಗೌರಮ್ಮ ಕೂತರು. ಅವರ ಪಕ್ಕದಲ್ಲಿ ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ತಾಯಮ್ಮ. ಇಬ್ಬರಿಗೂ ಕಿವಿ ಸ್ವಲ್ಪ ಮಂದ, ಹಾಗಾಗಿ ಅವರ ಗುಟ್ಟುಗಳು ಹಾಲಿನ ಕೊನೆಯವರೆಗೂ ಕೇಳುತ್ತಿದ್ದವು.

ಮಧುಕರ ಚೆನ್ನಾಗಿಯೇ ಶುರುಮಾಡಿದ. ಹೊರಗೋಡೆಗಳ ಬಗ್ಗೆ ಅವನಷ್ಟು ಕೂತು ನೋಡಿದವರು ಬಹುಶಃ ರೋಮಿನಲ್ಲೂ ಕಡಿಮೆ. ಒಂದು ಕಲ್ಲಿನ ಗೋಡೆ ಬಟ್ಟೆಯಂತೆ ಮಡಿಕೆ ಬೀಳುವುದು ಹೇಗೆ, ಬೆಳಿಗ್ಗೆಯ ನೆರಳು ಸಂಜೆಗೆ ಅದನ್ನು ಬೇರೆಯೇ ಗೋಡೆ ಮಾಡುವುದು ಹೇಗೆ ಎಂದು ಹೇಳುವಾಗ ಹಿಂದಿನ ಸಾಲಿನವರೂ ಫೋನು ಕೆಳಗಿಟ್ಟರು. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಆದರೆ ತಲೆಬರಹದ ಋಣ ತೀರಿಸಬೇಕಲ್ಲ. ಹೆಂಡತಿ ತೆಗೆದ ಸಂತ ಇಗ್ನೇಷಿಯಸ್ಸನ ಚರ್ಚಿನ ಫೋಟೋವನ್ನು ಪರದೆಗೆ ಹಾಕಿದ.

"ಈ ಗುಮ್ಮಟ ನೋಡಿ. ಇದು ಗುಮ್ಮಟವೇ ಅಲ್ಲ. ಚಪ್ಪಟೆ ಚಾವಣಿ, ಅದರ ಮೇಲೆ ಬರೆದ ಚಿತ್ರ. ಇದರ ಕೆಳಗೆ ನೆಲದಲ್ಲಿ ಒಂದು ಗುರುತಿನ ಕಲ್ಲಿದೆ. ಅದರ ಮೇಲೆ ನಿಂತು ನೋಡಿದರೆ ಗುಮ್ಮಟ ನಿಜ ಅನ್ನಿಸುತ್ತೆ. ಪಕ್ಕಕ್ಕೆ ಸರಿದರೆ ಮೋಸ ಗೊತ್ತಾಗಿಬಿಡುತ್ತೆ."

ಸುಧನ್ವ ಕೈ ಎತ್ತಿದ. "ಸರ್, ಆ ಕಲ್ಲಿನ ಮೇಲೆ ನಿಂತಾಗ ನಿಮಗೇನನ್ನಿಸ್ತು?"

ಮಧುಕರ ಕನ್ನಡಕ ತೆಗೆದು ಒರೆಸಿದ. "ಏನು ಹೇಳ್ಲಿ? ನಿಂತೆ, ತಲೆ ಎತ್ತಿದೆ. ಮೋಸ ಅಂತ ಗೊತ್ತಿದ್ರೂ ಕಣ್ಣಲ್ಲಿ ನೀರು ಬಂತು" ಎಂದ. ಇಂದು ತನ್ನ ಕೈಬಳೆಗಳನ್ನು ಎಣಿಸತೊಡಗಿದಳು.

ತಾಯಮ್ಮ ಗೌರಮ್ಮನ ಕಡೆ ಬಾಗಿ, "ನಿಮ್ ಮಗ ನಿಂತ ಕಲ್ ಮ್ಯಾಲೆ ನೀವೂ ನಿಂತಿದ್ರಾ ಅಕ್ಕಾ?" ಎಂದು ಕೇಳಿದರು.

ಕೇಳಿದ ಮೇಲೆ ಮುಗಿಯಿತು. "ಇಲ್ಲ ಕಣವ್ವ" ಎಂದರು ಗೌರಮ್ಮ, ಎಂದಿನ ದನಿಯಲ್ಲೇ. "ನಾವಿಬ್ರೂ ಒಳಿಕ್ಕೆಲ್ಲಿ ಹೋದ್ವಿ? ಮೆಟ್ಲು ಮ್ಯಾಲೆ ಕೂತಿದ್ವಿ. ಸೂತಕ ಇತ್ತಲ್ಲ. ಇವನ ದೊಡ್ಡಪ್ಪನ ಮಗ ತೀರ್ಕಂಡಿದ್ದ."

ಮಧುಕರ ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ. ಈಗ ನಗುತ್ತಾರೆ ಎಂದು ಕಾದ. ನಿಂಬೆಹಣ್ಣಿನವರ ಕಡೆ ನೋಡಲಿಲ್ಲ. ನಗು ಬರಲಿಲ್ಲ. ಯಾರೋ "ಛೆ ಛೆ" ಅಂದರು. ಯಾರೋ "ಅಯ್ಯೋ, ಗೊತ್ತೇ ಇರಲಿಲ್ಲ" ಅಂದರು. ನಿಂಬೆಹಣ್ಣಿನವರಲ್ಲಿ ಹಿರಿಯರಾದವರೊಬ್ಬರು ಎದ್ದು ನಿಂತು ಕೈ ಮುಗಿದರು.

"ಮಧುಕರ್ ಅವರೇ, ನಿಮ್ಮನ್ನ ನಾವು ತಪ್ಪು ತಿಳ್ಕೊಂಡಿದ್ವಿ. ಬಾಯಲ್ಲಿ ಏನೇ ಅಂದ್ರೂ ಒಳಗೆ ಎಂಥ ಸಂಸ್ಕಾರ ಇಟ್ಕೊಂಡಿದೀರಿ. ಆ ಕಲ್ಲಿನ ಮೇಲೆ ನಿಂತೆ ಅಂದಿದ್ದೂ ಈ ದುಃಖ ಮುಚ್ಚಿಡೋಕೇ ಅಂತ ಈಗ ಅರ್ಥ ಆಯ್ತು. ನಮ್ಮಲ್ಲಿ ಎಷ್ಟು ಜನ ಸ್ವಂತ ಅಣ್ಣನಿಗೂ ಹೀಗೆ ಮಾಡ್ತಾರೆ? ಅಷ್ಟು ದೂರ ಹೋಗಿ, ಅಷ್ಟು ಆಸೆ ಇಟ್ಕೊಂಡು ಹೋಗಿ, ಅಣ್ಣನಿಗೋಸ್ಕರ ಬಾಗಿಲಲ್ಲೇ ನಿಂತು ಬಂದಿದೀರಲ್ಲ" ಎಂದರು.

ಸುಧನ್ವನಿಗೆ ಕಾರ್ಯಕ್ರಮ ಕೈತಪ್ಪಿದಾಗ ಏನು ಮಾಡಬೇಕೆಂದು ಗೊತ್ತಿತ್ತು. "ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಎಂದ. ಕುರ್ಚಿಗಳು ಸದ್ದು ಮಾಡಿದವು. ಕಾಫಿ ಬಗ್ಗಿಸಿಕೊಳ್ಳುತ್ತಿದ್ದವರೂ ಲೋಟ ಕೆಳಗಿಟ್ಟು ತಲೆ ತಗ್ಗಿಸಿದರು. ಪರದೆಯ ಮೇಲೆ ಸುಳ್ಳು ಗುಮ್ಮಟ ಹಾಗೇ ಇತ್ತು.

ಆ ಮೌನದಲ್ಲಿ ಮಧುಕರನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಜೀವ ಬಂತು, ಆಮೇಲೆ, ಹೇಳಲು ನಾಚಿಕೆಯಾಗಬೇಕು, ಹಿತವಾಯಿತು. ಮಾನ ಹೋಗುವ ಕಡೆ ಮಾನ ಸಿಕ್ಕಿತ್ತು. ಇಷ್ಟು ವರ್ಷ ವಾದ ಮಾಡಿ ಗೆದ್ದಾಗಲೂ ಈ ಜನ ಅವನನ್ನು ಹೀಗೆ ನೋಡಿರಲಿಲ್ಲ. ಅವನ ಮುಖ ತಾನಾಗಿಯೇ ಇಳಿಯಿತು, ಭುಜ ಬಗ್ಗಿತು. ಎಲ್ಲರೂ ಕೂತ ಮೇಲೆ ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡ.

"ನಾನು ಇದನ್ನೆಲ್ಲ ಹೇಳಬಾರದು ಅಂದ್ಕೊಂಡಿದ್ದೆ" ಎಂದ. ಅದೊಂದು ನಿಜ. "ನಾಗರಾಜಣ್ಣ ನನಗೆ ಅಣ್ಣ ಅಲ್ಲ, ತಂದೆ ಇದ್ದ ಹಾಗೆ. ಸೈಕಲ್ಲಿನಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು ಅವನು. ನಂಬಿಕೆ ಬೇರೆ, ಪ್ರೀತಿ ಬೇರೆ. ಅವನಿಗೋಸ್ಕರ ಅಷ್ಟು ಮಾಡದಿದ್ರೆ ನಾನೆಂಥ ತಮ್ಮ?"

ಹಿಂದಿನ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಇಂದು ತಲೆ ಎತ್ತಿ ಗಂಡನನ್ನು ನೋಡಿದಳು, ಪರಿಚಯವಿಲ್ಲದ ಗಂಡಸೊಬ್ಬ ತಮ್ಮ ಮನೆಯ ಬಾಗಿಲು ತೆಗೆದ ಹಾಗೆ. ಗೌರಮ್ಮ ಮಾತ್ರ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತಿದ್ದರು.

ತಾಯಮ್ಮನಿಗೆ ಕಣ್ಣು ತುಂಬಿ ಬಂದಿತ್ತು. ಸಾವಿನ ಸುದ್ದಿ ಕೇಳಿದಾಗ ನಮ್ಮ ಕಡೆ ಯಾರಾದರೂ ಕೇಳುವುದನ್ನೇ ಅವರೂ ಕೇಳಿದರು.

"ಏನಾಗಿತ್ತಪ್ಪ ಅಣ್ಣಂಗೆ?"

ಮಧುಕರ ಬಾಯಿ ತೆರೆದ. ಹಾರ್ಟು ಎನ್ನಲು ಹೊರಟ. ಹಾರ್ಟಿರಬಹುದೇ? ನಾಗರಾಜನಿಗೆ ಸಕ್ಕರೆ ಕಾಯಿಲೆ ಇತ್ತೇ? ಕಾಯಿಲೆ ಬಹಳ ದಿನದ್ದೋ, ಒಂದೇ ದಿನದ್ದೋ? ಆಸ್ಪತ್ರೆಯಲ್ಲಿ ಹೋದನೋ, ಮನೆಯಲ್ಲೋ? ಹೋಟೆಲಿನ ಕೌಂಟರಿನಲ್ಲಿ ಅಮ್ಮ ಬಂದು ತೋಳು ಮುಟ್ಟಿದ್ದು ನೆನಪಿತ್ತು, ಗುಮ್ಮಟ ಕಂಡ ಕಿಟಕಿ ನೆನಪಿತ್ತು, ಅಷ್ಟೂ ಚರ್ಚುಗಳ ಅಷ್ಟೂ ಬಾಗಿಲುಗಳು ನೆನಪಿದ್ದವು. ಅವನು ಅಮ್ಮನ ಮುಖ ನೋಡಿದ. ಅಮ್ಮನಿಗೆ ಗೊತ್ತಿತ್ತು. ಅಷ್ಟು ಹೊತ್ತು ಫೋನಿನಲ್ಲಿ ಹೂಂಗುಟ್ಟಿದ್ದು ಅದನ್ನೇ ಕೇಳಿಕೊಂಡು. ಒಂದು ಮಾತು ಅವಳೇ ಹೇಳಿಬಿಟ್ಟರೆ ಸಾಕಿತ್ತು, ಹೌದು ಎಂದು ತಲೆಯಾಡಿಸಿ ಇವನು ಪಾರಾಗುತ್ತಿದ್ದ.

ಗೌರಮ್ಮ ಮಗನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಹೇಳಪ್ಪ" ಎಂದರು. "ಕೇಳ್ತಾವ್ರಲ್ಲ."

ಹಾಲಿನಲ್ಲಿ ಎಲ್ಲರೂ ಕಾಯುತ್ತಿದ್ದರು. ದುಃಖ ಉಕ್ಕಿ ಮಾತು ಕಟ್ಟಿದೆ ಎಂದುಕೊಂಡು ಸುಧನ್ವ ಓಡಿ ಹೋಗಿ ನೀರಿನ ಬಾಟಲಿ ತಂದುಕೊಟ್ಟ. ಮಧುಕರ ಅದನ್ನು ಹಿಡಿದುಕೊಂಡ, ಕುಡಿಯಲಿಲ್ಲ.

"ಗೊತ್ತಿಲ್ಲ" ಎಂದ. "ನಾನು ಕೇಳಲೇ ಇಲ್ಲ."

ಮೈಕು ಆನ್ ಆಗಿಯೇ ಇತ್ತು. ಕೊನೆಯ ಸಾಲಿನವರಿಗೂ ಕೇಳಿಸಿತು.